ಟೆಲಿಫೋನಿನ ಹಗಲುವೇಷ: ಮನೆಯ ಹಿರಿಯರನ್ನು ಕಾಪಾಡುವ ಬಗೆ

ಮನೆಯಲ್ಲಿ ಟೆಲಿಫೋನು ಇರುವುದೇ ಒಂದು ಕಾಲಕ್ಕೆ ದೊಡ್ಡ ಸಂಗತಿಯಾಗಿತ್ತು. ಬೀದಿಗೆ ಒಂದೋ ಎರಡೋ ಇದ್ದರೆ ಹೆಚ್ಚು. ಪರಸ್ಥಳದಿಂದ ಟ್ರಂಕ್ ಕರೆ ಬಂದಿತೆಂದರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಿದ್ದರು. ಜನನ, ಮರಣ, ಮದುವೆಯ ನಿಶ್ಚಯ, ಕೆಲಸ ಸಿಕ್ಕಿದ ಸುದ್ದಿ, ಇಂಥ ಮಾತುಗಳಿಗಲ್ಲದೆ ಯಾರೂ ಸುಮ್ಮನೆ ಹಣ ಖರ್ಚುಮಾಡಿ ಕರೆಯುತ್ತಿರಲಿಲ್ಲ. ಆದ್ದರಿಂದ ಗಂಟೆ ಬಾರಿಸಿದರೆ ಎತ್ತಲೇಬೇಕು, ಆ ಕಡೆಯವರು ಹೇಳುವುದನ್ನು ಕೊನೆಯತನಕ ಕೇಳಲೇಬೇಕು, ಉತ್ತರವನ್ನು ಮರ್ಯಾದೆಯಿಂದ ಕೊಡಬೇಕು ಎಂಬ ಅಭ್ಯಾಸ ಆ ತಲೆಮಾರಿನವರಲ್ಲಿ ಬೇರುಬಿಟ್ಟಿತು. ಈಗ ಎಪ್ಪತ್ತು, ಎಂಬತ್ತು ವರ್ಷದವರಾಗಿ ನಮ್ಮ ಮನೆಗಳಲ್ಲಿರುವ ತಂದೆತಾಯಿಗಳು, ಅಜ್ಜ ಅಜ್ಜಿಯರು, ಸೋದರತ್ತೆ ದೊಡ್ಡಪ್ಪಂದಿರು ಆ ಅಭ್ಯಾಸದಲ್ಲಿ ಬೆಳೆದವರು. ಟೆಲಿಫೋನು ಬದಲಾಯಿತು, ಅದು ಗೋಡೆಯಿಂದ ಇಳಿದು ಜೇಬಿಗೆ ಬಂತು. ಅವರ ಸೌಜನ್ಯ ಮಾತ್ರ ಬದಲಾಗಲಿಲ್ಲ. ಆ ಸೌಜನ್ಯವನ್ನೇ ಬಂಡವಾಳ ಮಾಡಿಕೊಂಡು ಬದುಕುವ ಒಂದು ವರ್ಗ ಇಂದು ಹುಟ್ಟಿಕೊಂಡಿದೆ.

ರೇಡಿಯೋ ಕೇಳುವ ನಿಮಗೆ ಧ್ವನಿಯ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಮುಖ ಕಾಣದಿದ್ದರೂ ವಾರ್ತೆ ಓದುವವರ ಮಾತನ್ನು ನೀವು ನಂಬುತ್ತೀರಿ. ಆ ನಂಬಿಕೆಗೆ ಕಾರಣವಿದೆ. ಆ ಧ್ವನಿಯ ಹಿಂದೆ ಒಂದು ನಿಲಯವಿದೆ, ಒಂದು ವಿಳಾಸವಿದೆ. ತಪ್ಪು ಹೇಳಿದರೆ ಕೇಳುವವರಿದ್ದಾರೆ. ಒಂದೇ ಮಾತನ್ನು ಸಾವಿರಾರು ಮಂದಿ ಏಕಕಾಲಕ್ಕೆ ಕೇಳುತ್ತಿರುತ್ತಾರೆ. ಟೆಲಿಫೋನಿನ ಧ್ವನಿಗೆ ಇದಾವುದೂ ಇಲ್ಲ. ಅದು ಒಬ್ಬರ ಕಿವಿಗೆ ಮಾತ್ರ ಬೀಳುವ ಮಾತು. ಹೇಳುವವನು ಯಾರು, ಎಲ್ಲಿ ಕುಳಿತಿದ್ದಾನೆ ಎಂಬುದಕ್ಕೆ ಅವನ ಮಾತೇ ಸಾಕ್ಷಿ.

ನಮ್ಮ ಹಳ್ಳಿಗಳಲ್ಲಿ ಹಗಲುವೇಷದವರನ್ನು ನೀವು ಕಂಡಿರಬಹುದು. ದರೋಗನಾಗಿಯೋ ಪುರಾಣದ ವೀರನಾಗಿಯೋ ವೇಷ ಹಾಕಿ ಬಾಗಿಲಿಗೆ ಬರುತ್ತಾರೆ, ಗದರಿಸುತ್ತಾರೆ, ನಗಿಸುತ್ತಾರೆ, ನಾವು ಮೆಚ್ಚಿ ಅಕ್ಕಿಯನ್ನೋ ಕಾಸನ್ನೋ ಕೊಡುತ್ತೇವೆ. ಅದು ವೇಷವೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಟೆಲಿಫೋನಿನಲ್ಲಿ ಬರುವ ವೇಷಧಾರಿ ಬೇರೆ ಜಾತಿಯವನು. ಅವನ ವೇಷ ವೇಷವೆಂದು ತಿಳಿದ ಕ್ಷಣವೇ ಅವನ ಆಟ ಮುಗಿಯುತ್ತದೆ. ಆದುದರಿಂದ ಅವನು ಮಾಡುವ ಸಾಹಸವೆಲ್ಲ ಒಂದೇ: ಕೇಳುವವರು ಯೋಚಿಸದಂತೆ ಮತ್ತು ಯಾರನ್ನೂ ಕೇಳದಂತೆ ನೋಡಿಕೊಳ್ಳುವುದು.

ಈ ಪಿಡುಗು ಎಷ್ಟು ಹಬ್ಬಿದೆ ಎಂಬುದಕ್ಕೆ ಸರ್ಕಾರವು ಸಂಸತ್ತಿನಲ್ಲಿ ಕೊಟ್ಟ ಲೆಕ್ಕವನ್ನು ನೋಡಬಹುದು. ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ಮೋಸ ಮತ್ತು ಅದಕ್ಕೆ ಸಂಬಂಧಿಸಿದ ಅಪರಾಧಗಳ ದೂರುಗಳು 2022ರಲ್ಲಿ 39,925; ಕಳೆದುಹೋದ ಹಣ ಸುಮಾರು 91 ಕೋಟಿ ರೂಪಾಯಿ. 2024ರಲ್ಲಿ ದೂರುಗಳು 1,23,672ಕ್ಕೆ ಏರಿದವು. ಹಣ ಸುಮಾರು 1,935 ಕೋಟಿ. ದೂರುಗಳು ಮೂರು ಪಟ್ಟಾದರೆ ಹಣ ಇಪ್ಪತ್ತು ಪಟ್ಟಿಗಿಂತ ಹೆಚ್ಚಾಯಿತು. ಚಿಲ್ಲರೆ ಕಳ್ಳತನವಾಗಿದ್ದುದು ಜೀವಮಾನದ ಉಳಿತಾಯವನ್ನೇ ನುಂಗುವ ವ್ಯಾಪಾರವಾಯಿತೆಂದು ಇದರಿಂದ ತಿಳಿಯಬೇಕು. ಜೀವಮಾನದ ಉಳಿತಾಯ ಇರುವುದು ಯಾರ ಬಳಿ? ನಿವೃತ್ತರಾದ ಹಿರಿಯರ ಬಳಿ.

ಹಳೆಯದೊಂದು ಪ್ರಕರಣ

ಈ ಮೋಸ ಹೊಸದೇನೂ ಅಲ್ಲ. ಸಲಕರಣೆ ಮಾತ್ರ ಹೊಸದು. 1971ನೆಯ ಇಸವಿ ಮೇ 24ರಂದು ಹೊಸದೆಹಲಿಯ ಪಾರ್ಲಿಮೆಂಟ್ ಬೀದಿಯಲ್ಲಿರುವ ಸ್ಟೇಟ್ ಬ್ಯಾಂಕಿನ ಶಾಖೆಯಲ್ಲಿ ನಡೆದ ಘಟನೆಯನ್ನು ಹಿರಿಯ ಓದುಗರು ಮರೆತಿರಲಾರರು. ಅಂದು ಮುಖ್ಯ ಖಜಾಂಚಿ ವೇದಪ್ರಕಾಶ ಮಲ್ಹೋತ್ರಾ ಅವರಿಗೆ ಟೆಲಿಫೋನು ಬಂತು. ಮೊದಲು ಪ್ರಧಾನಿಯವರ ಕಾರ್ಯದರ್ಶಿಯ ಧ್ವನಿ. ಅನಂತರ ಸಾಕ್ಷಾತ್ ಪ್ರಧಾನಿ ಇಂದಿರಾ ಗಾಂಧಿಯವರದೇ ಎನ್ನಿಸುವ ಧ್ವನಿ. ಬಾಂಗ್ಲಾದೇಶಕ್ಕೆ ಸಂಬಂಧಿಸಿದ ಅತಿ ಗುಪ್ತವಾದ ಕೆಲಸಕ್ಕಾಗಿ 60 ಲಕ್ಷ ರೂಪಾಯಿ ತಕ್ಷಣ ಬೇಕಾಗಿದೆ, ಸಂಕೇತದ ಮಾತು ಹೇಳುವ ಒಬ್ಬನ ಕೈಗೆ ಅದನ್ನು ಒಪ್ಪಿಸಬೇಕು, ರಸೀತಿಯನ್ನು ಆಮೇಲೆ ಬಂದು ಪಡೆಯಬಹುದು ಎಂದು ಅಪ್ಪಣೆಯಾಯಿತು. ಖಜಾಂಚಿಯವರು ಭದ್ರಕೋಣೆಯಿಂದ ಹಣ ತೆಗೆಸಿ, ಬ್ಯಾಂಕಿನ ಕಾರಿನಲ್ಲಿ ಇಟ್ಟುಕೊಂಡು ಹೋಗಿ, ಸಂಕೇತ ಹೇಳಿದವನಿಗೆ ಕೊಟ್ಟು, ರಸೀತಿಗಾಗಿ ಪ್ರಧಾನಿಯವರ ನಿವಾಸಕ್ಕೆ ಹೋದರು. ಅಂಥ ಅಪ್ಪಣೆಯನ್ನು ಯಾರೂ ಕೊಟ್ಟಿಲ್ಲವೆಂದು ಅಲ್ಲಿ ತಿಳಿದುಬಂತು.

ಹಣ ಪಡೆದವನು ರುಸ್ತುಂ ಸೊಹ್ರಾಬ್ ನಗರವಾಲಾ ಎಂಬ ಮಾಜಿ ಸೈನ್ಯಾಧಿಕಾರಿ. ಅದೇ ದಿನ ಅವನು ಸಿಕ್ಕಿಬಿದ್ದ. ಹಣದ ಬಹುಭಾಗ ದೊರಕಿತು. ಧ್ವನಿಯನ್ನು ಅನುಕರಿಸಿದವನು ತಾನೇ ಎಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡನು. ಕೆಲವೇ ದಿನಗಳಲ್ಲಿ ನಾಲ್ಕು ವರ್ಷದ ಶಿಕ್ಷೆಯಾಯಿತು. 1972ರ ಮಾರ್ಚಿಯಲ್ಲಿ ಬಂಧನದಲ್ಲಿದ್ದಾಗಲೇ ತೀರಿಕೊಂಡನು. ಈ ಪ್ರಕರಣದ ಹಿಂದೆ ಮತ್ತೇನಾದರೂ ಇತ್ತೇ ಎಂಬ ಶಂಕೆ ಉಳಿದು, 1977ರಲ್ಲಿ ವಿಚಾರಣಾ ಆಯೋಗವೂ ನೇಮಕವಾಯಿತು. ಆ ಚರ್ಚೆ ನಮಗೆ ಇಲ್ಲಿ ಬೇಡ. ನಾವು ಗಮನಿಸಬೇಕಾದುದು ಇಷ್ಟೇ: ಮೋಸಹೋದವರು ಅನಕ್ಷರಸ್ಥರಲ್ಲ, ಹಣದ ವ್ಯವಹಾರ ತಿಳಿಯದವರಲ್ಲ. ದೇಶದ ದೊಡ್ಡ ಬ್ಯಾಂಕಿನಲ್ಲಿ ಹಣ ಎಣಿಸುವುದನ್ನೇ ವೃತ್ತಿಯಾಗಿ ಉಳ್ಳವರು.

ಆ ಕರೆಯಲ್ಲಿ ನಾಲ್ಕು ಅಂಶಗಳಿದ್ದವು. ಒಂದು, ಎದುರಾಡಲು ಬಾಯಿ ಬಾರದಂಥ ದೊಡ್ಡ ಹೆಸರು. ಎರಡು, ತಡಮಾಡಿದರೆ ಕೆಲಸ ಕೆಟ್ಟೀತೆಂಬ ಅವಸರ. ಮೂರು, ಯಾರಿಗೂ ಹೇಳಕೂಡದೆಂಬ ಗುಟ್ಟು. ನಾಲ್ಕು, ಹಣವನ್ನು ಮೊದಲು ಕೊಡು, ವಿಚಾರಣೆ ಆಮೇಲೆ ಎಂಬ ಕ್ರಮ. ಇಂದು ನಮ್ಮ ಮನೆಗಳಿಗೆ ಬರುವ ಕಳ್ಳ ಕರೆಗಳನ್ನೆಲ್ಲ ಸೋಸಿ ನೋಡಿದರೂ ಉಳಿಯುವುದು ಈ ನಾಲ್ಕೇ. ಕಥೆ ದಿನಕ್ಕೊಂದು ಬದಲಾಗುತ್ತದೆ. ಕಥೆಯ ಕಟ್ಟು ಬದಲಾಗುವುದಿಲ್ಲ. ಆದ್ದರಿಂದ ಹಿರಿಯರಿಗೆ ನೂರು ಕಥೆಗಳನ್ನು ಹೇಳಿ ಹೆದರಿಸುವುದಕ್ಕಿಂತ ಈ ನಾಲ್ಕು ಗುರುತುಗಳನ್ನು ಮನದಟ್ಟು ಮಾಡಿಕೊಡುವುದು ಮೇಲು.

ಇಂದಿನ ವೇಷಗಳು

ಈಗ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿರುವ ವೇಷ ಪೋಲೀಸಿನದು. ಮೊದಲು ಕೊರಿಯರ್ ಕಂಪನಿಯವರೆಂದು ಒಬ್ಬನು ಕರೆಯುತ್ತಾನೆ. ನಿಮ್ಮ ಹೆಸರಿನಲ್ಲಿ ಹೊರದೇಶಕ್ಕೆ ಹೊರಟ ಪೊಟ್ಟಣವೊಂದರಲ್ಲಿ ಮಾದಕವಸ್ತು ಸಿಕ್ಕಿದೆ ಎನ್ನುತ್ತಾನೆ. ಇಲ್ಲವೇ ನಿಮ್ಮ ಆಧಾರ್ ಸಂಖ್ಯೆಯಿಂದ ಪಡೆದ ಸಿಮ್ ಕಾರ್ಡು ಅಪರಾಧಕ್ಕೆ ಬಳಕೆಯಾಗಿದೆ ಎನ್ನುತ್ತಾನೆ. ಗಾಬರಿಯಾದ ಹಿರಿಯರನ್ನು ‘ಮುಂಬಯಿಯ ಪೋಲೀಸ್ ಅಧಿಕಾರಿ’ಗೆ ಜೋಡಿಸುತ್ತಾನೆ. ಅಲ್ಲಿಂದ ಮುಂದೆ ವೀಡಿಯೋ ಕರೆ. ತೆರೆಯ ಮೇಲೆ ಖಾಕಿ ಉಡುಪು, ಹಿಂದೆ ಗೋಡೆಯ ಮೇಲೆ ಲಾಂಛನ, ಮೇಜಿನ ಮೇಲೆ ಕಡತಗಳು. ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ, ಕ್ಯಾಮರಾ ಆರಿಸಕೂಡದು, ಮನೆಯಿಂದ ಹೊರಡಕೂಡದು, ಮಕ್ಕಳಿಗೆ ಹೇಳಿದರೆ ಅವರೂ ಅಪರಾಧಿಗಳಾಗುತ್ತಾರೆ’ ಎಂದು ಗದರಿಸುತ್ತಾನೆ. ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಹೀಗೆ ಕೂಡಿಸಿ, ಕೊನೆಗೆ ‘ಪರಿಶೀಲನೆಗಾಗಿ’ ಉಳಿತಾಯವನ್ನೆಲ್ಲ ತಾನು ಹೇಳಿದ ಖಾತೆಗೆ ಹಾಕಿಸುತ್ತಾನೆ. ಪರಿಶೀಲನೆಯಾದ ಮೇಲೆ ಹಣ ಹಿಂದಕ್ಕೆ ಬರುವುದೆಂದು ಆಶ್ವಾಸನೆ ಕೊಡುತ್ತಾನೆ. ಹಣ ಹೋಗುತ್ತದೆ, ತೆರೆ ಕಪ್ಪಾಗುತ್ತದೆ.

ಇದಕ್ಕೆ ಉತ್ತರ ನಮ್ಮ ಕಾನೂನಿನಲ್ಲೇ ಇದೆ. ಅದನ್ನು ಹಿರಿಯರಿಗೆ ಸಾವಧಾನವಾಗಿ ತಿಳಿಸಬೇಕು. ‘ಡಿಜಿಟಲ್ ಅರೆಸ್ಟ್’ ಎಂಬುದು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ವಿಧಿಯ ಪ್ರಕಾರ, ಒಬ್ಬರನ್ನು ಬಂಧಿಸುವುದೆಂದರೆ ಅವರು ತಾವಾಗಿ ಶರಣಾಗದಿದ್ದ ಪಕ್ಷದಲ್ಲಿ ಅವರ ಶರೀರವನ್ನು ಮುಟ್ಟಿ ಅಥವಾ ತಡೆದು ವಶಪಡಿಸಿಕೊಳ್ಳುವುದು. ಟೆಲಿಫೋನಿನ ತಂತಿಯಿಲ್ಲದ ತರಂಗದಲ್ಲಿ ಯಾರನ್ನೂ ಮುಟ್ಟಲಾಗದು. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ವಿಶೇಷ ಸಂದರ್ಭ ಮತ್ತು ಮ್ಯಾಜಿಸ್ಟ್ರೇಟರ ಅನುಮತಿ ಇದ್ದ ಹೊರತು ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಮೂರು ವರ್ಷಕ್ಕಿಂತ ಕಡಮೆ ಶಿಕ್ಷೆಯ ಅಪರಾಧಗಳಲ್ಲಿ, 60 ವರ್ಷ ದಾಟಿದವರನ್ನೂ ದುರ್ಬಲರನ್ನೂ ಡೆಪ್ಯುಟಿ ಸೂಪರಿಂಟೆಂಡೆಂಟರ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಬಂಧಿಸುವಂತಿಲ್ಲ ಎಂದು ಅದೇ ಸಂಹಿತೆಯ 35ನೆಯ ವಿಧಿ ಹೇಳುತ್ತದೆ. ಕಾನೂನು ಹಿರಿಯರ ವಯಸ್ಸಿಗೆ ಇಷ್ಟು ಮರ್ಯಾದೆ ಕೊಟ್ಟಿರುವಾಗ, ರಾತ್ರಿಯಿಡೀ ಅಜ್ಜಿಯನ್ನು ಕುರ್ಚಿಯಲ್ಲಿ ಕೂಡಿಸಿ ಗದರಿಸುವವನು ಪೋಲೀಸನಾಗಿರಲಾರನು. ಇನ್ನು ರಿಸರ್ವ್ ಬ್ಯಾಂಕು ಸಾರ್ವಜನಿಕರ ಉಳಿತಾಯವನ್ನು ಇಟ್ಟುಕೊಳ್ಳುವ ಬ್ಯಾಂಕಲ್ಲ. ‘ಪರಿಶೀಲನೆಗಾಗಿ ರಿಸರ್ವ್ ಬ್ಯಾಂಕಿನ ಖಾತೆಗೆ ಹಾಕಿ’ ಎಂಬ ಮಾತೇ ಸುಳ್ಳು.

2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ತಮ್ಮ ರೇಡಿಯೋ ಭಾಷಣದಲ್ಲಿ ಇದೇ ವಿಷಯವನ್ನು ಎತ್ತಿಕೊಂಡು, ವಂಚಕನೊಬ್ಬನು ಮಾತನಾಡಿದ ಮುದ್ರಿಕೆಯನ್ನೇ ಕೇಳಿಸಿದ್ದು ಅನೇಕರಿಗೆ ನೆನಪಿರಬಹುದು. ತಡೆಯಿರಿ, ಯೋಚಿಸಿ, ಕ್ರಮ ಕೈಗೊಳ್ಳಿ ಎಂಬ ಮೂರು ಹೆಜ್ಜೆಗಳನ್ನು ಅವರು ಅಂದು ಹೇಳಿದರು. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟು ಈ ಬಗೆಯ ಪ್ರಕರಣಗಳ ತನಿಖೆಯನ್ನು ಕೈಗೆತ್ತಿಕೊಳ್ಳುವಂತೆ ಸಿ.ಬಿ.ಐ.ಗೆ ಆದೇಶವಿತ್ತಿತು.

ಉಳಿದ ವೇಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ‘ನಿಮ್ಮ ಬಿಲ್ಲು ಬಾಕಿ ಇದೆ, ಇಂದು ರಾತ್ರಿ ವಿದ್ಯುಚ್ಛಕ್ತಿ ಕಡಿತವಾಗುತ್ತದೆ’ ಎನ್ನುವವನು ಒಬ್ಬ. ನವೆಂಬರ್ ತಿಂಗಳು ಬಂತೆಂದರೆ, ‘ಪೆನ್ಷನ್ ಕಚೇರಿಯಿಂದ ಮಾತನಾಡುತ್ತಿದ್ದೇವೆ, ಜೀವಂತ ಪ್ರಮಾಣಪತ್ರವನ್ನು ಇಲ್ಲಿಂದಲೇ ಸರಿಪಡಿಸುತ್ತೇವೆ, ನಿಮಗೆ ಬಂದ ಓಟಿಪಿ ಹೇಳಿ’ ಎನ್ನುವವನು ಇನ್ನೊಬ್ಬ. ‘ಬ್ಯಾಂಕಿನ ಕೆವೈಸಿ ಮುಗಿದಿದೆ, ಕಾರ್ಡು ನಿಂತುಹೋಗುತ್ತದೆ’ ಎನ್ನುವವನು ಮತ್ತೊಬ್ಬ. ‘ತಪ್ಪಿ ನಿಮ್ಮ ಖಾತೆಗೆ ಹಣ ಬಂದಿದೆ, ದಯವಿಟ್ಟು ಹಿಂದಕ್ಕೆ ಕಳುಹಿಸಿ’ ಎಂದು ಅಳುವವನೂ ಉಂಟು. ‘ಅಜ್ಜಾ, ನಾನು ಅಪಘಾತ ಮಾಡಿಬಿಟ್ಟೆ, ಅಪ್ಪನಿಗೆ ಹೇಳಬೇಡ, ಬೇಗ ಹಣ ಕಳುಹಿಸು’ ಎಂದು ಮೊಮ್ಮಗನ ಧ್ವನಿಯಲ್ಲೇ ಬೇಡುವವನು ಈಗ ಬಂದಿದ್ದಾನೆ. 1971ರಲ್ಲಿ ಧ್ವನಿಯನ್ನು ಅನುಕರಿಸಲು ಒಬ್ಬ ಚತುರ ಬೇಕಾಗಿದ್ದನು. ಇಂದು ಯಂತ್ರವೇ ಒಬ್ಬರ ಧ್ವನಿಯ ಸಣ್ಣ ತುಣುಕನ್ನು ಕೇಳಿ ಅದೇ ಧ್ವನಿಯನ್ನು ಹುಟ್ಟಿಸಬಲ್ಲದು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿಂದಿನವರು ಹೇಳಿದ್ದು ಇಂಥ ಕಾಲಕ್ಕೇ ಇರಬೇಕು.

ಈ ಎಲ್ಲ ವೇಷಗಳ ಕೈ ಕೊನೆಗೆ ಚಾಚುವುದು ಕೆಲವೇ ವಸ್ತುಗಳ ಕಡೆಗೆ. ಮೊದಲನೆಯದು ಓಟಿಪಿ, ಎಂದರೆ ಒಂದೇ ಬಾರಿಗೆ ಸಲ್ಲುವ ಗುಪ್ತಸಂಖ್ಯೆ. ಅದು ಪೆಟ್ಟಿಗೆಯ ಬೀಗದಕೈ ಇದ್ದಂತೆ. ಅದನ್ನು ಕೇಳುವ ಹಕ್ಕು ಬ್ಯಾಂಕಿನ ಮ್ಯಾನೇಜರಿಗೂ ಇಲ್ಲ. ಎರಡನೆಯದು ಯುಪಿಐ ಪಿನ್. ಇದನ್ನು ಒತ್ತಬೇಕಾಗುವುದು ಹಣವನ್ನು ಕೊಡುವಾಗ. ಹಣ ನಮಗೆ ಬರುವಾಗ ಏನನ್ನೂ ಒತ್ತಬೇಕಾಗಿಲ್ಲ. ‘ಹಣ ಬರಬೇಕಾದರೆ ಪಿನ್ ಒತ್ತಿ’ ಎಂದವನು ಕಳ್ಳನೆಂದೇ ತಿಳಿಯಬೇಕು. ಮೂರನೆಯದು ನಮ್ಮ ಟೆಲಿಫೋನಿನ ತೆರೆಯನ್ನು ದೂರದಿಂದ ನೋಡಲು ಅವಕಾಶ ಕೊಡುವ ಆ್ಯಪುಗಳು. ‘ಸಹಾಯ ಮಾಡುತ್ತೇನೆ, ಇದೊಂದನ್ನು ಹಾಕಿಕೊಳ್ಳಿ’ ಎಂಬ ಮಾತಿಗೆ ಒಪ್ಪಿದರೆ ನಾವು ಒತ್ತುವ ಅಕ್ಷರವೆಲ್ಲ ಅವನಿಗೆ ಕಾಣುತ್ತದೆ. ಸಂದೇಶದೊಡನೆ ಮದುವೆಯ ಕರೆಯೋಲೆಯೋ ದಂಡದ ಚೀಟಿಯೋ ಎಂಬಂತೆ ಬರುವ ಎಪಿಕೆ ಕಡತಗಳನ್ನೂ ಇದೇ ಗುಂಪಿಗೆ ಸೇರಿಸಬೇಕು. ನಾಲ್ಕನೆಯದು, ನಕ್ಷತ್ರ ಚಿಹ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಒತ್ತಿಸಿ ನಮ್ಮ ಕರೆಗಳೆಲ್ಲ ಅವನ ಕಡೆಗೆ ತಿರುಗುವಂತೆ ಮಾಡುವುದು. ಈ ದಾರಿಯ ದುರುಪಯೋಗವನ್ನು ತಡೆಯಲು 2024ರ ಏಪ್ರಿಲ್ 15ರಿಂದ ಅಂಥ ಸೇವೆಯನ್ನು ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆಯು ಕಂಪನಿಗಳಿಗೆ ಹೇಳಿತು. ಆದರೂ ಅಪರಿಚಿತರು ಹೇಳಿದ ಅಂಕಿಗಳನ್ನು ಒತ್ತದಿರುವುದೇ ಕ್ಷೇಮ.

ದಡ್ಡತನವಲ್ಲ

ಇಲ್ಲಿ ಕಿರಿಯರಿಗೆ ಒಂದು ಮಾತು. ಹಿರಿಯರು ಮೋಸಹೋದರೆ, ‘ಇಷ್ಟೂ ತಿಳಿಯಲಿಲ್ಲವೇ’ ಎಂದು ಕೇಳುವುದು ಸುಲಭ. 2024ರ ಆಗಸ್ಟಿನಲ್ಲಿ ಲುಧಿಯಾನದ ಹೆಸರಾಂತ ಜವಳಿ ಉದ್ಯಮಿಯೊಬ್ಬರು, 82 ವರ್ಷದವರು, ಸಾವಿರಾರು ಜನರಿಗೆ ಕೆಲಸ ಕೊಟ್ಟವರು, ಇದೇ ಬಲೆಗೆ ಬಿದ್ದು 7 ಕೋಟಿ ರೂಪಾಯಿ ಕಳೆದುಕೊಂಡರು. ಅವರ ಮುಂದೆ ಸುಪ್ರೀಂ ಕೋರ್ಟಿನ ಸುಳ್ಳು ಕಲಾಪವನ್ನೇ ವೀಡಿಯೋದಲ್ಲಿ ಆಡಿತೋರಿಸಲಾಗಿತ್ತು. ದೂರು ಕೊಟ್ಟುದರಿಂದ 5 ಕೋಟಿಗೂ ಮೀರಿದ ಹಣ ಮರಳಿ ಸಿಕ್ಕಿತು. ಲೋಕ ಕಂಡವರಿಗೇ ಹೀಗಾಗುವುದಾದರೆ ದೋಷ ಬುದ್ಧಿಯದಲ್ಲ. ಭಯ ಹೊಕ್ಕಾಗ ಬುದ್ಧಿ ಹೊರಗೆ ನಿಲ್ಲುತ್ತದೆ. ಜೊತೆಗೆ ಯಾರೂ ಇಲ್ಲದಿದ್ದರೆ ಅದನ್ನು ಒಳಕ್ಕೆ ಕರೆಯುವವರೇ ಇರುವುದಿಲ್ಲ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಯನ್ನು ವಂಚಕನು ನಮಗಿಂತ ಚೆನ್ನಾಗಿ ಬಲ್ಲನು. ಆದುದರಿಂದಲೇ ಆತುರವನ್ನು ಅವನೇ ಹುಟ್ಟಿಸುತ್ತಾನೆ.

ಹಿರಿಯರ ಮನಸ್ಸಿನಲ್ಲಿ ಇನ್ನೂ ಎರಡು ಸಂಗತಿಗಳು ಕೆಲಸ ಮಾಡುತ್ತವೆ. ಸರ್ಕಾರದ ಕಾಗದಕ್ಕೂ ಅಧಿಕಾರಿಯ ಮಾತಿಗೂ ತಲೆಬಾಗಿ ಬಾಳಿದವರು ಅವರು; ಪೋಲೀಸರು ಮನೆ ಬಾಗಿಲಿಗೆ ಬಂದರೆಂದರೆ ಬೀದಿಯಲ್ಲಿ ತಲೆಯೆತ್ತುವಂತಿಲ್ಲ ಎಂಬ ಅಂಜಿಕೆ ಅವರದು. ಇದು ಮಾನದ ಪ್ರಶ್ನೆ, ಹಣದ ಪ್ರಶ್ನೆಯಲ್ಲ. ಇನ್ನೊಂದು ಒಂಟಿತನ. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ದೊಡ್ಡ ಮನೆಯಲ್ಲಿ ಇಬ್ಬರೇ. ಹಗಲೆಲ್ಲ ಮಾತನಾಡುವವರಿಲ್ಲದೆ ಕುಳಿತವರಿಗೆ, ‘ಸಾರ್, ಹೇಗಿದ್ದೀರಿ’ ಎಂದು ಅಕ್ಕರೆಯಿಂದ ಕೇಳುವ ಧ್ವನಿ ಮೊದಲು ಹಿತವಾಗಿಯೇ ಕೇಳಿಸುತ್ತದೆ. ಷೇರುಗಳಲ್ಲಿ ಹಣ ಹೂಡಿಸಿ ಮೋಸ ಮಾಡುವವರು ವಾರಗಟ್ಟಲೆ ಹೀಗೆ ಸಲಿಗೆ ಬೆಳೆಸುವುದುಂಟು. ನಾವು ಆಡದೆ ಉಳಿಸಿದ ಮಾತನ್ನು ಕಳ್ಳನು ಬಂದು ಆಡುತ್ತಾನೆ.

ಕರೆ ಮಾಡುವವರಲ್ಲೂ ಎಲ್ಲರೂ ತಮ್ಮಿಚ್ಛೆಯಿಂದ ಕುಳಿತವರಲ್ಲ. ಕೆಲಸ ಕೊಡಿಸುವುದಾಗಿ ನಂಬಿಸಿ ಕಾಂಬೋಡಿಯ, ಮ್ಯಾನ್ಮಾರ್ ಮೊದಲಾದ ಕಡೆಗಳಿಗೆ ಸಾಗಿಸಲ್ಪಟ್ಟ ಯುವಕರನ್ನು ಬೇಲಿಯೊಳಗೆ ಕೂಡಿಹಾಕಿ ಈ ಕೆಲಸ ಮಾಡಿಸುವ ಕೇಂದ್ರಗಳಿವೆ. 2025ರ ಮಾರ್ಚಿಯಲ್ಲಿ ಅಂಥ ಕಡೆಯಿಂದ ಬಿಡಿಸಲ್ಪಟ್ಟ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. ಎದುರಾಳಿ ಬೀದಿಯ ಜೇಬುಗಳ್ಳನಲ್ಲ, ಪಾಳಿಯಲ್ಲಿ ದುಡಿಯುವ ಕಾರ್ಖಾನೆ ಎಂಬುದು ಇದರಿಂದ ತಿಳಿಯುತ್ತದೆ. ಕಾರ್ಖಾನೆಯೆದುರಿಗೆ ಹಿರಿಯರೊಬ್ಬರನ್ನೇ ಬಿಡುವುದು ನ್ಯಾಯವಲ್ಲ.

ಮನೆಯಲ್ಲಿ ಮಾಡಬೇಕಾದುದು

ಮೊದಲನೆಯದಾಗಿ, ಟೆಲಿಫೋನನ್ನು ಅವರ ಕೈಯಿಂದ ಕಸಿದುಕೊಳ್ಳಬೇಡಿ. ಬ್ಯಾಂಕಿನ ಪುಸ್ತಕವನ್ನು ಅವರಿಗೆ ಹೇಳದೆ ತೆಗೆದಿಡಬೇಡಿ. ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಪೈಸೆ ಪೈಸೆ ಲೆಕ್ಕವಿಟ್ಟವರಿಗೆ, ಇನ್ನು ನಿಮ್ಮಿಂದಾಗದು ಎಂದು ಹೇಳಿದಂತೆ ಆಗುತ್ತದೆ. ಹಾಗೆ ನೊಂದವರು ಮುಂದೆ ಸಂಶಯದ ಕರೆ ಬಂದಾಗ ನಿಮಗೆ ಹೇಳುವ ಬದಲು ಮುಚ್ಚಿಡುತ್ತಾರೆ. ವಂಚಕನಿಗೆ ಬೇಕಾದುದೂ ಅದೇ. ರಕ್ಷಣೆಯ ಬುಡವೇ ಅವರು ಸಂಕೋಚವಿಲ್ಲದೆ ನಿಮ್ಮನ್ನು ಕೇಳುವಂತಿರುವುದು. ಹಾಗಾದರೆ ನೀವೂ ನಿಮಗೆ ಬಂದ ಕಳ್ಳ ಕರೆಯ ಸುದ್ದಿಯನ್ನು ಊಟದ ಹೊತ್ತಿನಲ್ಲಿ ಅವರಿಗೆ ಹೇಳಿ, ‘ಅಪ್ಪಾ, ಇದಕ್ಕೆ ಏನು ಹೇಳಬೇಕಾಗಿತ್ತು?’ ಎಂದು ಕೇಳಿ. ಸಲಹೆ ಕೊಡುವ ಸ್ಥಾನದಲ್ಲಿ ಕುಳಿತವರು ತಾವೂ ಎಚ್ಚರವಾಗುತ್ತಾರೆ.

ಎರಡನೆಯದಾಗಿ, ಒಂದೇ ಒಂದು ನಿಯಮವನ್ನು ಮನೆಯ ಪದ್ಧತಿಯಾಗಿ ಮಾಡಿಕೊಳ್ಳಿ: ಬಂದ ಕರೆಯಲ್ಲಿ ಹಣದ ಮಾತು ಬಂದರೆ ಆ ಕರೆಯಲ್ಲಿ ತೀರ್ಮಾನವಿಲ್ಲ. ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ಟೆಲಿಫೋನು ಇಡುವುದು. ಬ್ಯಾಂಕಿನವರೇ ಆಗಿದ್ದರೆ ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂಬದಿಯಲ್ಲೋ ಅಚ್ಚಾದ ಸಂಖ್ಯೆಗೆ ನಾವೇ ಕರೆಮಾಡಿ ವಿಚಾರಿಸುವುದು. ಅವರು ಕೊಟ್ಟ ಸಂಖ್ಯೆಗೂ ಅಂತರಜಾಲದಲ್ಲಿ ಹುಡುಕಿದ ಸಂಖ್ಯೆಗೂ ಕರೆಮಾಡಬಾರದು. ಬ್ಯಾಂಕುಗಳು ಗ್ರಾಹಕರಿಗೆ ಸೇವೆಯ ಕರೆಗಳನ್ನು 1600ರಿಂದ ಆರಂಭವಾಗುವ ಸಂಖ್ಯೆಗಳಿಂದ, ಪ್ರಚಾರದ ಕರೆಗಳನ್ನು 140ರಿಂದ ಆರಂಭವಾಗುವ ಸಂಖ್ಯೆಗಳಿಂದ ಮಾಡಬೇಕೆಂದು ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಗೊತ್ತುಪಡಿಸಿತು. ಹತ್ತು ಅಂಕಿಗಳ ಸಾಮಾನ್ಯ ಮೊಬೈಲಿನಿಂದ ‘ಬ್ಯಾಂಕು’ ಮಾತನಾಡಿದರೆ ಸಂಶಯ ಪಡಲು ಅಷ್ಟೇ ಸಾಕು.

ಮೂರನೆಯದಾಗಿ, ಮನೆಯವರಿಗೆ ಮಾತ್ರ ತಿಳಿದ ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಕೊಳ್ಳಿ. ಹಳೆಯ ಮನೆಯ ಹಸುವಿನ ಹೆಸರಾಗಬಹುದು, ಅಜ್ಜಿ ಕರೆಯುತ್ತಿದ್ದ ಮುದ್ದಿನ ಹೆಸರಾಗಬಹುದು. ಮೊಮ್ಮಗನ ಧ್ವನಿಯಲ್ಲಿ ಹಣದ ಬೇಡಿಕೆ ಬಂದರೆ ಆ ಮಾತನ್ನು ಕೇಳುವುದು. ಹೇಳದಿದ್ದರೆ ಕರೆಯನ್ನು ಇಟ್ಟು ಮೊಮ್ಮಗನ ಸ್ವಂತ ಸಂಖ್ಯೆಗೆ ಕರೆಮಾಡುವುದು. ಯಂತ್ರಕ್ಕೆ ಧ್ವನಿ ಸಿಗುತ್ತದೆ. ಮನೆಯ ನೆನಪು ಸಿಗುವುದಿಲ್ಲ.

ನಾಲ್ಕನೆಯದಾಗಿ, ಹಣದ ವ್ಯವಸ್ಥೆಯನ್ನು ಹಿರಿಯರ ಒಪ್ಪಿಗೆಯಿಂದ ಸ್ವಲ್ಪ ತಿದ್ದಿ. ದಿನಬಳಕೆಗೆ ಒಂದು ಸಣ್ಣ ಖಾತೆ ಇರಲಿ. ಯುಪಿಐ ಮತ್ತು ಕಾರ್ಡು ಅದಕ್ಕೆ ಮಾತ್ರ ಸೇರಿರಲಿ. ಪೆನ್ಷನ್ನು ಮತ್ತು ಉಳಿತಾಯದ ದೊಡ್ಡ ಮೊತ್ತ ಟೆಲಿಫೋನಿಗೆ ಜೋಡಿಸದ ಇನ್ನೊಂದು ಖಾತೆಯಲ್ಲಿರಲಿ. ದಿನಕ್ಕೆ ಇಷ್ಟೇ ಹಣ ಹೋಗಬಹುದೆಂಬ ಮಿತಿಯನ್ನು ಬ್ಯಾಂಕಿನಲ್ಲಿ ತಗ್ಗಿಸಬಹುದು. ಹೊರದೇಶದ ವ್ಯವಹಾರವನ್ನು ಕಾರ್ಡಿನಲ್ಲಿ ಮುಚ್ಚಿಡಬಹುದು. ನಿಶ್ಚಿತ ಠೇವಣಿಯನ್ನು ಮನೆಯಿಂದಲೇ ಮುರಿಯಲಾಗದಂತೆ, ಅಥವಾ ಇಬ್ಬರ ಸಹಿ ಬೇಕಾಗುವಂತೆ ಇಡುವ ಬಗೆಯನ್ನು ಶಾಖೆಯಲ್ಲಿ ವಿಚಾರಿಸಿ. ಡಿಜಿಟಲ್ ಅರೆಸ್ಟಿನ ಪ್ರಕರಣಗಳಲ್ಲಿ ಅನೇಕ ವೇಳೆ ಹಣ ಹೋಗುವುದು ಠೇವಣಿ ಮುರಿದ ಮೇಲೆ. ಆ ಬಾಗಿಲಿಗೆ ಎರಡನೆಯ ಅಗುಳಿ ಇದ್ದರೆ ಒಂದು ದಿನದ ಬಿಡುವು ಸಿಗುತ್ತದೆ. ಆ ಒಂದು ದಿನವೇ ಎಷ್ಟೋ ಸಲ ಸಾಕು.

ಐದನೆಯದಾಗಿ, ದೂರದಲ್ಲಿರುವ ಮಕ್ಕಳು ದಿನಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಕರೆಮಾಡಬೇಕು. ಎರಡು ನಿಮಿಷವಾದರೂ ಸರಿ. ಪಕ್ಕದ ಮನೆಯ ಒಬ್ಬರಿಗೆ ಮಕ್ಕಳ ಸಂಖ್ಯೆಯೂ, ಮಕ್ಕಳಿಗೆ ಅವರ ಸಂಖ್ಯೆಯೂ ಗೊತ್ತಿರಬೇಕು. ಮನೆಯ ಟೆಲಿಫೋನು ಗಂಟೆಗಟ್ಟಲೆ ಬಿಡುವಿಲ್ಲದೆ ಇದ್ದು, ಬಾಗಿಲು ಮುಚ್ಚಿಯೇ ಇದ್ದರೆ, ನೆರೆಯವರು ಬಂದು ಬಾಗಿಲು ತಟ್ಟುವುದೊಂದೇ ಅನೇಕ ವೇಳೆ ಆ ಮಂತ್ರವನ್ನು ಮುರಿಯುತ್ತದೆ.

ಹಣ ಹೋದ ಪಕ್ಷದಲ್ಲಿ

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ತಪ್ಪುವುದುಂಟು. ಆಗ ಮಾಡಬೇಕಾದ ಮೊದಲ ಕೆಲಸ 1930 ಸಂಖ್ಯೆಗೆ ಕರೆಮಾಡುವುದು. ಕೇಂದ್ರ ಗೃಹ ಸಚಿವಾಲಯವು 2021ರಲ್ಲಿ ಏರ್ಪಡಿಸಿದ ಸಹಾಯವಾಣಿ ಇದು. ಮೊದಲು 155260 ಎಂದಿದ್ದುದು ಬಳಿಕ 1930 ಆಯಿತು. ಇದರ ಕೆಲಸದ ರೀತಿಯನ್ನು ತಿಳಿದರೆ ಅವಸರದ ಕಾರಣ ಅರ್ಥವಾಗುತ್ತದೆ. ವಂಚಕನು ಹಣವನ್ನು ಒಂದೇ ಖಾತೆಯಲ್ಲಿ ಇಡುವುದಿಲ್ಲ. ಬಾಡಿಗೆಗೆ ಪಡೆದ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹತ್ತು ಖಾತೆಗಳಿಗೆ ಹಂಚಿ, ಕೊನೆಗೆ ನಗದು ಮಾಡಿಕೊಳ್ಳುತ್ತಾನೆ. ದೂರು ದಾಖಲಾದೊಡನೆ ಸಂಬಂಧಪಟ್ಟ ಬ್ಯಾಂಕುಗಳಿಗೆ ತಿಳಿಸಿ, ಹಣ ಯಾವ ಮೆಟ್ಟಿಲಿನಲ್ಲಿದೆಯೋ ಅಲ್ಲಿಯೇ ತಡೆಹಿಡಿಯುವುದು ಈ ವ್ಯವಸ್ಥೆ. ಆದ್ದರಿಂದ ಮೊದಲ ಒಂದೆರಡು ಗಂಟೆಗಳ ಬೆಲೆ ಬಹಳ. ‘ಕೆಟ್ಟ ಮೇಲೆ ಬುದ್ಧಿ ಬಂತು’ ಎಂದು ಮರುಗುತ್ತ ಕುಳಿತರೆ ಆ ಹೊತ್ತೂ ಹೋಗುತ್ತದೆ.

ಕರೆಮಾಡುವಾಗ ಹಣ ಹೋದ ಹೊತ್ತು, ಮೊತ್ತ, ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ, ಕರೆ ಬಂದ ಸಂಖ್ಯೆ ಇವು ಕೈಯಲ್ಲಿರಲಿ. ಸಂದೇಶಗಳನ್ನು ಅಳಿಸಬೇಡಿ. ಒಡನೆಯೇ ನಿಮ್ಮ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸೂಚನೆಯಲ್ಲಿ, ಗ್ರಾಹಕರು ತಿಳಿಸಿದ ಬಳಿಕ ಆಗುವ ನಷ್ಟ ಬ್ಯಾಂಕಿನದು ಎಂಬ ತತ್ತ್ವವಿದೆ. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ಎಂಬ ಸರ್ಕಾರಿ ತಾಣದಲ್ಲಿ ಲಿಖಿತ ದೂರು ದಾಖಲಿಸಬಹುದು. ನಮ್ಮ ರಾಜ್ಯದ ಜಿಲ್ಲೆಗಳಲ್ಲಿರುವ ಸಿ.ಇ.ಎನ್. ಪೋಲೀಸ್ ಠಾಣೆಗಳಿಗೆ ಹೋಗಬಹುದು. ಹಿರಿಯರಿಗೆ ಬೇರೆ ಬಗೆಯ ನೆರವು, ಸಮಾಧಾನ ಬೇಕಾದರೆ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಹಣ ಹೋಗದೆ ಬರಿಯ ಸಂಶಯದ ಕರೆ ಬಂದಿದ್ದರೂ ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ಯಲ್ಲಿ ಅದನ್ನು ತಿಳಿಸಬಹುದು. ಒಂದು ಎಚ್ಚರ: ‘ಕಳೆದ ಹಣ ಹಿಂದಕ್ಕೆ ತರಿಸಿಕೊಡುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ’ ಎಂದು ಕೆಲವು ದಿನಗಳಲ್ಲೇ ಇನ್ನೊಂದು ಕರೆ ಬರಬಹುದು. ಅದು ಅದೇ ಕಳ್ಳರ ಎರಡನೆಯ ಅಂಕ.

ಇವೆಲ್ಲಕ್ಕಿಂತ ಮುಖ್ಯವಾದುದು ಆ ದಿನ ಮನೆಯಲ್ಲಿ ನೀವಾಡುವ ಮಾತು. ಹಣ ಕಳೆದುಕೊಂಡ ಹಿರಿಯರು ಊಟ ಬಿಡುತ್ತಾರೆ, ಮಾತು ಬಿಡುತ್ತಾರೆ, ಮಕ್ಕಳ ಮುಖ ನೋಡಲು ಹಿಂಜರಿಯುತ್ತಾರೆ. ಆಗ ಬೈಗುಳ ಬೇಡ, ಲೆಕ್ಕ ಬೇಡ. ‘ಅಮ್ಮಾ, ಕದ್ದವನು ಅವನು, ತಪ್ಪು ನಿನ್ನದಲ್ಲ, ಬಾ, ಈಗಲೇ ಇಬ್ಬರೂ ಸೇರಿ ದೂರು ಕೊಡೋಣ’ ಎಂಬ ಮಾತು ಸಾಕು. ಹಣ ಪೂರ್ತಿ ಬಂದೀತೆಂದು ಯಾರೂ ಮಾತು ಕೊಡಲಾರರು. ಅವರ ಧೈರ್ಯವನ್ನು ಮಾತ್ರ ಆ ಮಾತು ಉಳಿಸಿಕೊಡುತ್ತದೆ.

ಈ ಲೇಖನವನ್ನು ಓದಿ ಮುಗಿಸಿದವರು ಒಂದು ಸಣ್ಣ ಕೆಲಸ ಮಾಡಬಹುದು. ಗಟ್ಟಿ ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ ಇಷ್ಟನ್ನು ಬರೆದು, ಹಿರಿಯರು ಕುಳಿತುಕೊಳ್ಳುವ ಕಡೆ, ಸಾಧ್ಯವಾದರೆ ರೇಡಿಯೋದ ಪಕ್ಕದಲ್ಲಿ, ತೂಗುಹಾಕಿ: ‘ಟೆಲಿಫೋನಿನಲ್ಲಿ ಯಾರೂ ಬಂಧಿಸಲಾರರು. ಓಟಿಪಿ, ಪಿನ್ ಯಾರಿಗೂ ಹೇಳುವುದಿಲ್ಲ. ಅವಸರವೆಂದವನಿಗೆ ನಾಳೆ ಬಾ. ಗುಟ್ಟೆಂದವನ ಮಾತನ್ನು ಮೊದಲು ಮನೆಯವರಿಗೆ. ಹಣ ಹೋದರೆ ಕೂಡಲೆ 1930.’ ಅದರ ಕೆಳಗೆ ನಿಮ್ಮ ಹೆಸರು, ನಿಮ್ಮ ಸಂಖ್ಯೆ. ‘ಯಾವ ಹೊತ್ತಿನಲ್ಲಾದರೂ ಕರೆಯಿರಿ’ ಎಂಬ ಒಂದು ಸಾಲನ್ನು ಸೇರಿಸಿ. ಮತ್ತು ಅವರು ಕರೆದಾಗ, ಎಷ್ಟೇ ಕೆಲಸವಿದ್ದರೂ, ಎತ್ತಿ ಮಾತನಾಡಿ.